ಒಂದೇ ಹೆಸರಿನ ಎರಡು ಲೈನ್‌ಟೈಪ್

ಹೋದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮುಂಚೆ ನಡೆದದ್ದು. ಈಗಲೂ ಬೆಳಿಗ್ಗೆ ಹತ್ತರ ಹೊತ್ತಿಗೆ ಸೈಟ್‌ನಿಂದ ಫೋನ್ ಬಂದರೆ ಎದೆ ಧಸಕ್ ಅನ್ನುತ್ತದೆ.

64 ನಿವೇಶನಗಳ ಒಂದು ಲೇಔಟ್. ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ, ಮತ್ತು ಮಳೆನೀರಿನ ಪೈಪ್ ಡ್ರಾಯಿಂಗ್ ನನ್ನದು. ಪ್ರತಿ ಮನೆಗೂ ಒಂದು ಛೇಂಬರ್, ಅಲ್ಲಿಂದ ಮೇನ್‌ಗೆ ಒಂದು ಯುಜಿಡಿ ಪೈಪ್, ಪಕ್ಕದಲ್ಲೇ ಮಳೆನೀರಿನ ಪೈಪ್. 64 ಸಲ ಎಳೆಯುವ ಬದಲು ಆಟೋಕ್ಯಾಡ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ಬ್ಲಾಕ್ ಮಾಡಿದೆ, ಒಮ್ಮೆ ಬರೆದು ಬೇಕಾದಲ್ಲೆಲ್ಲ ಇಡಬಹುದಾದ ಚಿತ್ರದ ಗುಂಪು. ಎರಡು ಗೆರೆಗೂ ನಾನೇ ಲೈನ್‌ಟೈಪ್, ಅಂದರೆ ಗೆರೆಯ ಮಾದರಿ, ಬರೆದೆ. ಒಂದರಲ್ಲಿ ನಡುನಡುವೆ 'ಯು' ಅಕ್ಷರ, ಇನ್ನೊಂದರಲ್ಲಿ 'ಆರ್'. ನೋಟ್‌ಪ್ಯಾಡ್‌ನಲ್ಲಿ ಕೂತು ಈ ಮಾದರಿಗಳಿರುವ ಲಿನ್ ಫೈಲ್ ಟೈಪ್ ಮಾಡುವುದು ನನಗೆ ನಿಜವಾಗಿಯೂ ಇಷ್ಟದ ಕೆಲಸ.

ಮೊದಲ ಸಲ ಅಕ್ಷರವೇ ಬರಲಿಲ್ಲ, ಗೆರೆ ಸಲೀಸಾಗಿ ಕಂಟಿನ್ಯುಯಸ್ ಆಗಿ ಬಂತು. ಗೆರೆ ಮಾದರಿಯ ಅಳತೆ ಹಿಗ್ಗಿಸಿ ಕುಗ್ಗಿಸುವ ಎಲ್‌ಟಿಸ್ಕೇಲ್ ತಿರುಗಿಸಿ ತಿರುಗಿಸಿ ಅರ್ಧ ದಿನ ಹೋಯಿತು. ಆಮೇಲೆ ಸ್ಕೇಲ್ ಇಟ್ಟು ಅಳೆದೆ. ಡ್ಯಾಷ್ 12 ಮಿಮೀ, ಅಕ್ಷರಕ್ಕೆ ಜಾಗ 4, ಒಟ್ಟು 16. ಮನೆಯ ಪೈಪ್ 3 ಮೀಟರ್, 1:200ರಲ್ಲಿ ಕಾಗದದ ಮೇಲೆ ಬರೀ 15 ಮಿಮೀ. ಒಂದು ಸುತ್ತು ಪ್ಯಾಟರ್ನ್ ಕೂಡ ಹಿಡಿಸದಿದ್ದರೆ ಆಟೋಕ್ಯಾಡ್ ಸುಮ್ನೆ ನೇರ ಗೆರೆ ಎಳೆದುಬಿಡುತ್ತದೆ. ಡ್ಯಾಷನ್ನು 5ಕ್ಕೆ ಇಳಿಸಿದೆ, 'ಯು' ಬಂದು ಕೂತಿತು. ಅವತ್ತು ಸಂಜೆ ಖುಷಿಯಲ್ಲಿ ಮನೆಗೆ ಹೋದೆ.

ತಪ್ಪು ಮಾಡಿದ್ದು ಹೆಸರಿನಲ್ಲಿ. ಲೈನ್‌ಟೈಪ್‌ಗಳಿಗೆ ಡ್ರೈನ್1, ಡ್ರೈನ್2 ಅಂತ ಇಟ್ಟಿದ್ದೆ. ಆರ್ಕಿಟೆಕ್ಟ್ ಕಡೆಯಿಂದ ಬಂದ ಬೇಸ್ ಡ್ರಾಯಿಂಗ್‌ನಲ್ಲಿ ಯಾರೋ ಅದೇ ಎರಡು ಹೆಸರಿನಲ್ಲಿ ಬರೀ ಡ್ಯಾಷ್ ಗೆರೆಗಳನ್ನು ಮೊದಲೇ ಇಟ್ಟುಕೊಂಡಿದ್ದರು. ನನ್ನ ಬ್ಲಾಕ್ ಇನ್ಸರ್ಟ್ ಮಾಡಿದಾಗ ಆ ಡ್ರಾಯಿಂಗ್ ತನ್ನದನ್ನೇ ಉಳಿಸಿಕೊಂಡಿತು, ನನ್ನದನ್ನು ಬಿಟ್ಟಿತು. ಪರದೆಯ ಮೇಲೆ ಯಾವ ಎಚ್ಚರಿಕೆಯ ಡಬ್ಬಿಯೂ ಬರಲಿಲ್ಲ. ಬ್ಲಾಕ್ ಅಂದರೆ ತನ್ನದೆಲ್ಲವನ್ನೂ ಗಂಟು ಕಟ್ಟಿಕೊಂಡು ಬರುತ್ತದೆ ಅಂತ ನಾನು ನಂಬಿದ್ದೆ. ಹಿಂದಿನ ವಾರ ಅದೇ ಕೆಲಸವನ್ನು ಎಕ್ಸ್‌ರೆಫ್ ಆಗಿ, ಅಂದರೆ ಒಳಗೆ ಸೇರಿಸದೆ ಬೇರೆ ಫೈಲಾಗಿಯೇ ಜೋಡಿಸಿ, ಹಾಕಿ ನೋಡಿದಾಗ ಎಲ್ಲ ಸರಿಯಿತ್ತು ಬೇರೆ. ಎಕ್ಸ್‌ರೆಫ್‌ನಲ್ಲಿ ಹೆಸರಿನ ಮುಂದೆ ಫೈಲ್ ಹೆಸರು ಸೇರಿಕೊಳ್ಳುತ್ತದೆ, ಅದಕ್ಕೇ ಅಲ್ಲಿ ತಾಕಲಾಟ ಆಗಿರಲಿಲ್ಲ.

ಪರದೆಯಲ್ಲಿ ಒಂದು ಗೆರೆ ಕೆಂಪು, ಒಂದು ನೀಲಿ. ಕಣ್ಣು ಬಣ್ಣ ನೋಡಿತು, ಅಕ್ಷರ ಹುಡುಕಲಿಲ್ಲ. ಪ್ಲಾಟ್, ಅಂದರೆ ಪ್ರಿಂಟ್, ಮಾತ್ರ ಮೋನೋಕ್ರೋಮ್ ಸಿಟಿಬಿ ಅನ್ನುವ ಪ್ರಿಂಟ್ ಸೆಟ್ಟಿಂಗ್‌ನಲ್ಲಿ, ಎಲ್ಲ ಕಪ್ಪು. ಪರೀಕ್ಷೆಗೆ ಒಂದು ಚೆಕ್ ಪ್ಲಾಟ್ ತೆಗೆಯೋಣ ಅಂದರೆ ಟೈಮ್ ಇಲ್ಲ, ಎ1 ಹಾಳೆ ದಂಡ, ಪಿಡಿಎಫ್ ಸಾಕು ಅನ್ನುತ್ತಾರೆ ಮೇಲಿನವರು. ಆ ಪಿಡಿಎಫ್ ಅನ್ನಾದರೂ ನಾನು ಜೂಮ್ ಮಾಡಿ ನೋಡಬೇಕಿತ್ತು, ಅಲ್ವಾ?

9:40ಕ್ಕೆ ಮೇಸ್ತ್ರಿ ಫೋನ್. "ಮೇಡಂ, ಎರಡೂ ಒಂದೇ ಥರ ಐತಲ್ಲ, ಯಾವುದು ಯುಜಿಡಿ, ಯಾವುದು ಮಳೆನೀರು? ಜೆಸಿಬಿ ಬಂದು ನಿಂತೈತೆ, ಗಂಟೆ ಲೆಕ್ಕ." ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರು. ಎರಡು ಕಪ್ಪು ಡ್ಯಾಷ್ ಗೆರೆ, ಪಕ್ಕಪಕ್ಕ, ಮೇಲೆ ಅವರು ಪೆನ್ನಿನಲ್ಲಿ ಹಾಕಿದ ದೊಡ್ಡ ಪ್ರಶ್ನೆ ಚಿಹ್ನೆ. ಅಲ್ಲಿ ನಾನು ಎರಡನೇ ತಪ್ಪು ಮಾಡಿದೆ, ಮೊದಲನೆಯದಕ್ಕಿಂತ ದೊಡ್ಡದು. ಡ್ರಾಯಿಂಗ್ ತೆರೆಯದೆ, ನೆನಪಿನಿಂದಲೇ, "ಎಡಗಡೆಯದು ಯುಜಿಡಿ, ಅಗೀರಿ" ಅಂದೆ. ಕಾಯಿಸಬಾರದು ಅನ್ನುವ ಗಡಿಬಿಡಿ.

ಫೋನ್ ಇಟ್ಟ ಮೇಲೆ ಫೈಲ್ ತೆರೆದೆ. ಅವರು ನಿಂತಿದ್ದದ್ದು ರಸ್ತೆ ತಿರುವಿನಲ್ಲಿ. ಅಲ್ಲಿ ಬ್ಲಾಕ್ ಮಿರರ್ ಆಗಿತ್ತು, ಕನ್ನಡಿಯಲ್ಲಿ ಕಾಣುವ ಹಾಗೆ ಎಡ ಬಲ ಅದಲುಬದಲು. ವಾಪಸ್ ಫೋನ್ ಮಾಡಿದೆ, ಎತ್ತಲಿಲ್ಲ. ಜೆಸಿಬಿ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಮತ್ತೆ, ಮತ್ತೆ. ನಾಲ್ಕನೇ ಸಲಕ್ಕೆ ಎತ್ತಿದರು. ಅಷ್ಟರಲ್ಲಿ ಎರಡು ಮೀಟರ್ ಅಗೆದಾಗಿತ್ತು, ಪೈಪ್ ಇನ್ನೂ ಇಳಿಸಿರಲಿಲ್ಲ. ಆ ಲೇಔಟ್‌ನ ಮಳೆನೀರು ಹೋಗುವುದು ಪಕ್ಕದ ಕೆರೆಗೆ. ಆ ಮನೆಯ ಕಕ್ಕಸಿನ ನೀರು ಅದೇ ಪೈಪ್ ಸೇರಿ ಮೇಲೆ ಮಣ್ಣು ಮುಚ್ಚಿದ್ದರೆ ವರ್ಷಗಟ್ಟಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಕೇಳದೆ ಅಗೆಯುವ ಮೇಸ್ತ್ರಿಗಳೇ ಜಾಸ್ತಿ, ಅವರು ನಿಲ್ಲಿಸಿ ಕೇಳಿದರು. ಸಂಜೆ ಸೈಟ್‌ಗೇ ಹೋಗಿ ಕೈಮುಗಿದು ಬಂದೆ.

ಸರಿ ಮಾಡಿದ್ದು ಹೀಗೆ. ಲಿನ್ ಫೈಲ್ ಅನ್ನು ಸುಮ್ನೆ ರೀಲೋಡ್ ಮಾಡಿದ್ದರೆ ಆರ್ಕಿಟೆಕ್ಟ್ ಗೆರೆಗಳೂ ಬದಲಾಗುತ್ತಿದ್ದವು, ಹೆಸರು ಒಂದೇ ತಾನೇ. ಹಾಗಾಗಿ ಲೈನ್‌ಟೈಪ್, ಲೇಯರ್, ಟೆಕ್ಸ್ಟ್ ಸ್ಟೈಲ್, ಬ್ಲಾಕ್ ಎಲ್ಲದರ ಹೆಸರಿನ ಮುಂದೆ ನಮ್ಮ ಆಫೀಸಿನ ಮೂರು ಅಕ್ಷರ ಸೇರಿಸಿದೆ. ಲಿನ್ ಫೈಲ್‌ನಲ್ಲೂ ಹಾಗೇ. ಹಳೆಯ ಬ್ಲಾಕ್‌ಗಳನ್ನು ಅಳಿಸಿ, ಪರ್ಜ್ ಮಾಡಿ ಫೈಲ್‌ನಿಂದಲೇ ತೆಗೆದು, ಹೊಸದನ್ನು ಇನ್ಸರ್ಟ್ ಮಾಡಿದೆ. ಶೀಟ್ ಮೇಲೆ ಯಾವ ಗೆರೆ ಏನು ಅಂತ ಹೇಳುವ ಲೆಜೆಂಡ್‌ನಲ್ಲೂ ಅದೇ ಲೈನ್‌ಟೈಪ್‌ನಲ್ಲಿ ಗೆರೆ ಎಳೆಯುತ್ತೇನೆ, ಮುರಿದಿದ್ದರೆ ಅಲ್ಲೇ ಕಣ್ಣಿಗೆ ಬೀಳಲಿ ಅಂತ. ಕಳಿಸುವ ಮುಂಚೆ ಒಂದು ಎ3 ಪ್ಲಾಟ್ ತೆಗೆದು ಕಿಟಕಿ ಬೆಳಕಿನಲ್ಲಿ ಹಿಡಿದು 'ಯು', 'ಆರ್' ಓದುತ್ತೇನೆ. ಹಾಳೆ ದಂಡ ಅಂತ ಯಾರಾದರೂ ಅಂದರೆ ಆ ಫೋಟೋ ತೋರಿಸುತ್ತೇನೆ.

ಹಳೆಯ ಮೂರು ಪ್ರಾಜೆಕ್ಟ್‌ಗಳಲ್ಲಿ ಇನ್ನೂ ಡ್ರೈನ್1, ಡ್ರೈನ್2 ಇವೆ. ಕೆಲಸ ಶುರುವಾಗುವ ಮುಂಚೆ ಬದಲಾಯಿಸಬೇಕು. ಈ ಶನಿವಾರ ಅದಕ್ಕೇ ಕೂರುತ್ತಿದ್ದೇನೆ.