ಒಬ್ಬರೇ ಆಡುವಾಗ ಕಣ್ಣು ಎಲ್ಲಿರಬೇಕು?

ಯಕ್ಷಗಾನ ಮೇಳದಲ್ಲೋ ತಾಳಮದ್ದಳೆಯಲ್ಲೋ ಪಳಗಿದವರು ಏಕವ್ಯಕ್ತಿ ಬೈಬಲ್ ನಾಟಕಕ್ಕೆ ಬಂದಾಗ ಎಡವುವುದು ಮಾತಿನಲ್ಲಲ್ಲ, ನೋಟದಲ್ಲಿ. ಕೀಚಕನಿಗೆ ಎದುರಲ್ಲಿ ಸೈರಂಧ್ರಿ ಇದ್ದಾಳೆ, ಹಿಂದೆ ಭಾಗವತರು, ಚಂಡೆ. ಇಲ್ಲಿರುವುದು ಒಂದು ಸ್ಟೂಲು, ಒಂದು ಶಾಲು.

ಶುರು ಮಾಡಲು ಲೂಕನ ಸುವಾರ್ತೆಯ 15ನೇ ಅಧ್ಯಾಯದ ದುಂದುಗಾರ ಮಗನ ಸಾಮತಿ (ದೃಷ್ಟಾಂತ ಕಥೆ) ಒಳ್ಳೆಯದು: ಪಾಲಿಗೆ ಬಂದ ಆಸ್ತಿ ಹಾಳುಮಾಡಿ, ಹಂದಿ ಮೇಯಿಸುವ ಗತಿಗೆ ಇಳಿದು, ತಂದೆಯ ಬಳಿಗೆ ಮರಳುವ ಕಿರಿಯ ಮಗನ ಕಥೆ. 11ರಿಂದ 32, ಒಟ್ಟು 22 ವಚನ. ತಂದೆ, ಇಬ್ಬರು ಮಕ್ಕಳು, ಒಬ್ಬ ಆಳು. ತಂದೆ ಕಿರಿಯನೊಡನೆ ಮಾತಾಡುವಾಗ ಕಣ್ಣು ಎಡಮುಂದಕ್ಕೆ, ತುಸು ಕೆಳಗೆ. ಕಿರಿಯ ಉತ್ತರಿಸುವಾಗ ಬಲಮುಂದಕ್ಕೆ, ತುಸು ಮೇಲೆ. ಹಿರಿಯ ಮಗ ಬಂದಾಗ ಇಬ್ಬರ ಕಣ್ಣೂ ಸಮಮಟ್ಟ. ಪಕ್ಕದಲ್ಲೇ ನಿಂತವನನ್ನು ನೋಡಿದಂತೆ ಪೂರ್ತಿ ತಿರುಗಿದರೆ ಅರ್ಧ ಸಭೆಗೆ ಮುಖವೇ ಕಾಣದು. ಹಾಗಾಗಿ ಸಭೆಯ ಹಿಂದಿನ ಗೋಡೆಯ ಒಂದು ಕಿಟಕಿ, ಒಂದು ಕಂಬ ಗುರುತಿಟ್ಟುಕೊಳ್ಳಿ. ಪಾತ್ರ ಬದಲಾಗುವಾಗ ಮೊದಲು ಕಣ್ಣು, ಆಮೇಲೆ ಉಸಿರು, ಕೊನೆಗೆ ದನಿ. ದನಿಯೇ ಮೊದಲು ಬದಲಾದರೆ ಮಿಮಿಕ್ರಿ ಆಯಿತು.

ತಂದೆಗೆ ನಡುಗುವ ಮುದಿದನಿ ಕೊಡುವವರೇ ಹೆಚ್ಚು. ಆದರೆ ಮಗನನ್ನು ದೂರದಲ್ಲಿ ಕಂಡ ಕೂಡಲೇ ಓಡಿಹೋದವನು ಅವನು! ಇನ್ನೊಂದು ಸೂಕ್ಷ್ಮ: ಕಿರಿಯ ಹಂದಿಗಳ ನಡುವೆ ಕೂತು ಒಂದು ಮಾತು ಕಟ್ಟಿಕೊಳ್ಳುತ್ತಾನೆ, ಅದರ ಕೊನೆಯಲ್ಲಿ ‘ಕೂಲಿಯಾಳಾಗಿ ಇಟ್ಟುಕೋ’ ಎಂಬ ಬೇಡಿಕೆ. ತಂದೆಯ ಮುಂದೆ ಅದು ಬಾಯಿಂದ ಹೊರಡುವುದೇ ಇಲ್ಲ, ಅಷ್ಟರಲ್ಲಿ ತಂದೆ ಆಳುಗಳಿಗೆ ಅಂಗಿ ತರಲು ಹೇಳಿಯಾಗಿದೆ. ಹಾಗಾಗಿ ಆ ಸಾಲನ್ನು ಮೊದಲ ಸಲ ಸ್ಪಷ್ಟವಾಗಿ, ನಿಧಾನವಾಗಿ ಆಡಬೇಕು. ಎರಡನೆಯ ಸಲ ಅದು ಬರಲಿಲ್ಲವೆಂದು ಸಭೆಗೆ ತಿಳಿಯುವುದು ಆಗಲೇ. ಹಿರಿಯ ‘ಈ ನಿನ್ನ ಮಗ’ ಎನ್ನುತ್ತಾನೆ, ತಂದೆ ‘ಈ ನಿನ್ನ ತಮ್ಮ’ ಎಂದು ತಿರುಗಿಸುತ್ತಾನೆ. ಅಲ್ಲಿ ಕೈ ಆಡಿಸುವುದೇ ಬೇಡ, ‘ತಮ್ಮ’ನ ಮುಂಚೆ ಒಂದು ಉಸಿರು ಸಾಕು.

ಅರ್ಥಧಾರಿಯ, ಅಂದರೆ ತಾಳಮದ್ದಳೆಯಲ್ಲಿ ಪಾತ್ರವಾಗಿ ಮಾತಾಡುವವನ, ಅಭ್ಯಾಸ ಇಲ್ಲಿ ಕೈಕೊಡುತ್ತದೆ. ತಾಳಮದ್ದಳೆಯಲ್ಲಿ ಮಾತು ಬೆಳೆಸಿದಷ್ಟೂ ಮೆಚ್ಚುಗೆ. ಇಲ್ಲಿ ಮುಂದಿನ ಬೆಂಚಿನ ಅಜ್ಜಿಗೂ ವಾಕ್ಯ ಬಾಯಿಪಾಠ. ಸ್ವಂತ ಮಾತು ಸೇರಿಸಿದ ಕ್ಷಣ ಅವರ ತುಟಿ ನಿಲ್ಲುತ್ತದೆ. ಕಥೋಲಿಕರ ಅನುವಾದ, ಪ್ರೊಟೆಸ್ಟೆಂಟರ ಅನುವಾದ ಬೇರೆಬೇರೆ. ಆಯಾ ಚರ್ಚಿನಲ್ಲಿ ಓದುವುದನ್ನೇ ಕಲಿಯಿರಿ. ಕಾರವಾರ, ಹೊನ್ನಾವರದ ಕಡೆ ಕಥೋಲಿಕರ ಮನೆಮಾತು ಹೆಚ್ಚಾಗಿ ಕೊಂಕಣಿ. ಹಾಗಾಗಿ ಅಲ್ಲಿ ಕನ್ನಡದ ಉದ್ದನೆಯ ಗ್ರಾಂಥಿಕ ವಾಕ್ಯವನ್ನು ಎರಡು ಉಸಿರಿಗೆ ಒಡೆದು ಹೇಳಿ.

ಎತ್ತರದ ಚರ್ಚಿನೊಳಗೆ ದನಿ ಸುತ್ತಿ ವಾಪಸು ಬರುತ್ತದೆ. ಕೇಳುವುದಿಲ್ಲವೆಂದು ಕೂಗಿದರೆ ಇನ್ನಷ್ಟು ಕಲಸುತ್ತದೆ. ವೇಗ ತಗ್ಗಿಸಿ, ಪದದ ಕೊನೆಯ ಅಕ್ಷರ ನುಂಗಬೇಡಿ. ಜನ ತುಂಬಿದ ಮೇಲೆ ಪ್ರತಿಧ್ವನಿ ಇಳಿಯುತ್ತದೆ, ಖಾಲಿ ಚರ್ಚಿನ ತಾಲೀಮು ನಂಬಿಕೊಂಡು ಮೈಕಿನ ಮಟ್ಟ ನಿರ್ಧರಿಸಬೇಡಿ. ಕರಾವಳಿಯ ಏಪ್ರಿಲ್ ಸೆಕೆಗೆ ಅಂಟಿಸಿದ ಗಡ್ಡ ನಿಲ್ಲುವುದಿಲ್ಲ. ಕಾಲರಿನ ಮೈಕಿಗೆ ಶಾಲು ಉಜ್ಜಿದರೆ ಸ್ಪೀಕರಿನಲ್ಲಿ ಬರೀ ಕರಕರ, ಆದ್ದರಿಂದ ಶಾಲು ಮೈಕಿಲ್ಲದ ಹೆಗಲ ಮೇಲಿರಲಿ. ಮಳೆಗಾಲದಲ್ಲಿ ತಗಡಿನ ಮಾಡಿನ ಹಾಲ್ ಕೊಟ್ಟರೆ ಬೇರೆ ತಾರೀಕು ಕೇಳಿ.