ಬಜ್ಪೆಯಲ್ಲಿ ವಿಮಾನ ಇಳಿಯದೆ ಮತ್ತೆ ಮೇಲೇರಿದರೆ

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡೆಯವರು ಗಲ್ಫ್‌ನಿಂದ ಬಂದರೆ ಹೆಚ್ಚಾಗಿ ಇಳಿಯುವುದು ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯಲ್ಲೇ. ಮಳೆಗಾಲದ ಪ್ರಯಾಣದಲ್ಲಿ ಎದೆ ನಡುಗಿಸುವ ಗಳಿಗೆಯೊಂದು ಬರಬಹುದು. ಕಿಟಕಿಯ ಹೊರಗೆ ಬರೀ ಮೋಡ. ಚಕ್ರ ಇಳಿದ ಸದ್ದು ಆಗಲೇ ಕೇಳಿರುತ್ತದೆ. ತೆಂಗಿನ ತಲೆಗಳು ಕಂಡವು ಅನ್ನುವಷ್ಟರಲ್ಲಿ ಎಂಜಿನ್ ಅಬ್ಬರಿಸಿ, ಬೆನ್ನು ಸೀಟಿಗೆ ಒತ್ತಿ, ವಿಮಾನ ಮೂತಿ ಎತ್ತುತ್ತದೆ. ಚಕ್ರ ಮತ್ತೆ ಹೊಟ್ಟೆ ಸೇರಿದ 'ಧಡ್'. ಆಮೇಲೆ ಕೆಲವು ನಿಮಿಷ ಪೈಲಟ್‌ರಿಂದ ಮಾತೇ ಇಲ್ಲ.

ಇದು ಗೋ-ಅರೌಂಡ್. ವಿಮಾನ ಕೆಟ್ಟಿದೆ ಎಂದಲ್ಲ. ಆ ಹೊತ್ತಿಗೆ ಎಂಜಿನ್, ರೆಕ್ಕೆಯ ಹಿಂಬದಿಯ ಫ್ಲಾಪ್, ಚಕ್ರ, ಟವರ್ ಜೊತೆಗಿನ ಮಾತು ಎಲ್ಲವನ್ನೂ ಇಬ್ಬರು ಪೈಲಟ್‌ಗಳೇ ನೋಡಿಕೊಳ್ಳಬೇಕು. ನಮಗೆ ಹೇಳುವ ಸರದಿ ಕೊನೆಗೆ.

ಮುರಕಲ್ಲಿನ ಗುಡ್ಡವನ್ನು ಸಮತಟ್ಟು ಮಾಡಿ ಹಾಕಿದ ಇಲ್ಲಿನ ದೊಡ್ಡ ರನ್‌ವೇ 2006ರಲ್ಲಿ ಶುರುವಾಯಿತು. ಉದ್ದ 2,450 ಮೀಟರ್. ಅದರಾಚೆ ಇಳಿಜಾರು, ಕಣಿವೆ. ಇಳಿಯುವ 737 ವಿಮಾನ ಸೆಕೆಂಡಿಗೆ ಸುಮಾರು 70 ಮೀಟರ್ ಓಡುತ್ತದೆ. ನೆಲ ಮುಟ್ಟದೆ ಐದು ಸೆಕೆಂಡ್ ತೇಲಿದರೆ 350 ಮೀಟರ್ ಹೋಯಿತು. ಅದಕ್ಕೇ ಎತ್ತರ, ವೇಗ, ಇಳಿಯುವ ಕೋನ ಹೊಂದದಿದ್ದರೆ ಪೈಲಟ್ ಇಳಿಯುವುದನ್ನು ಬಿಟ್ಟು ಮೇಲೇರಬೇಕು.

2010ರ ಮೇ 22ರಂದು ಆಗಿದ್ದು ಇದರ ತದ್ವಿರುದ್ಧ. ದುಬೈಯಿಂದ ಬಂದ ವಿಮಾನ ತೀರಾ ಎತ್ತರದಲ್ಲಿತ್ತು. ಮೇಲೇರೋಣವೆಂದು ಸಹಪೈಲಟ್ ಹೇಳಿದರೂ ಕ್ಯಾಪ್ಟನ್ ಇಳಿಸಿದರು. ಚಕ್ರ ನೆಲಕ್ಕೆ ಊರುವಾಗ ರನ್‌ವೇಯ ಸುಮಾರು 1,600 ಮೀಟರ್ ಕಳೆದುಹೋಗಿತ್ತು. ವೇಗ ತಗ್ಗಿಸಲು ಎಂಜಿನ್‌ನ ಗಾಳಿಯನ್ನು ಮುಂದಕ್ಕೆ ತಿರುಗಿಸುವ ರಿವರ್ಸ್ ಥ್ರಸ್ಟ್ ಹಾಕಿದ ಮೇಲೆ ಮತ್ತೆ ಹಾರಲು ಹೊರಟರು. ಅದು ಮಾಡಲೇಬಾರದ ಕೆಲಸ. 158 ಮಂದಿ ತೀರಿಕೊಂಡರು, ಉಳಿದವರು 8. ಹೋದವರಲ್ಲಿ ಕಾಸರಗೋಡಿನವರೂ ಬಹಳ ಮಂದಿ. ಹಾಗಾಗಿ ಗೋ-ಅರೌಂಡ್ ಆದಾಗ ಪೈಲಟ್‌ಗೆ ಬೈಯುವವರನ್ನು ಕಂಡರೆ ಸಂಕಟವಾಗುತ್ತದೆ.

ಇಳಿದಾಗ ದಡಕ್ಕೆಂದು ಕುಲುಕಿದರೂ ಅದು ತಪ್ಪಲ್ಲ. ಒದ್ದೆ ರನ್‌ವೇಯಲ್ಲಿ ಮೆಲ್ಲಗೆ ಇಳಿಸಿದರೆ ಟಯರ್ ನೀರಿನ ಪದರದ ಮೇಲೆ ಜಾರಬಹುದು. ಗಟ್ಟಿಯಾಗಿ ಊರಿದರೆ ಪದರ ಒಡೆದು ಚಕ್ರ ತಿರುಗುತ್ತದೆ, ಬ್ರೇಕ್ ಹಿಡಿಯುತ್ತದೆ.

ಮಳೆ ಬಿಡದಿದ್ದರೆ ವಿಮಾನ ಬೆಂಗಳೂರಿಗೋ ಕೊಚ್ಚಿಗೋ ಕಣ್ಣೂರಿಗೋ ಹೋದೀತು. ಅಲ್ಲಿ ಇಂಧನ ತುಂಬಿ ವಿಮಾನದಲ್ಲೇ ಕೂರಿಸುವುದುಂಟು. ಶುಗರ್, ಬಿಪಿ ಮಾತ್ರೆ, ಬಿಸ್ಕೆಟ್, ಫೋನಿನ ಚಾರ್ಜರ್ ಕೈಚೀಲದಲ್ಲೇ ಇರಲಿ. ಕರೆತರಲು ಕಾರು ತರುವವರು ತಲಪಾಡಿ ದಾಟುವ ಮೊದಲು ಫ್ಲೈಟ್‌ನ ಸ್ಥಿತಿ ನೋಡಿಕೊಳ್ಳಿ.

ಕೂತ ತಕ್ಷಣ ಬಾಗಿಲಿಗೆ ಎಷ್ಟು ಸಾಲು ಎಂದು ಮುಂದಕ್ಕೂ ಹಿಂದಕ್ಕೂ ಎಣಿಸಿ. ಹೊಗೆಯಲ್ಲಿ ಕಣ್ಣು ಕಾಣದು, ಕೈಗೆ ಸೀಟು ಸಿಗುತ್ತದೆ. ಹೊರಗೆ ಓಡಬೇಕಾಗಿ ಬಂದರೆ ಬ್ಯಾಗು ಬಿಟ್ಟುಬಿಡಿ. ಮನೆಯ ಹಿರಿಯರಿಗೆ ಬೆಲ್ಟ್ ಬಿಚ್ಚುವುದನ್ನು ಎರಡು ಸಲ ಮಾಡಿಸಿ ನೋಡಿ. ಗಾಬರಿಯಲ್ಲಿ ಬೆರಳು ಕಾರಿನ ಬೆಲ್ಟಿನಂತೆ ಗುಂಡಿ ಹುಡುಕುತ್ತದೆ. ವಿಮಾನದ್ದಕ್ಕೆ ಗುಂಡಿ ಇಲ್ಲ, ಮೇಲಿನ ತಗಡನ್ನು ಎತ್ತಬೇಕು.