ಆ ಐವರನ್ನೂ ನೋಡಿ
ಎಲ್‌ಎಸ್‌ಯು (ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ) ತಂಡದ 2019ರ ಆಟಗಳನ್ನು ಮತ್ತೆ ನೋಡ್ತಾ ಇದ್ದೆ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಪಾಸಿಂಗ್ (ಚೆಂಡನ್ನು ಮುಂದಕ್ಕೆ ಎಸೆದು ಆಡೋದು) ಅಂದರೆ ನನಗೆ ಇದೇ. ಚೆಂಡು ಎಸೆಯೋ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಜೋ ಬರ್ರೋ ಆ ಸೀಸನ್‌ನಲ್ಲಿ 60 ಟಚ್‌ಡೌನ್ ಪಾಸ್ (ಎದುರಾಳಿಯ ತುದಿ ಮುಟ್ಟಿ ಅಂಕ ತರೋ ಎಸೆತ) ಎಸೆದರು. ಹಿಂದಿನ ವರ್ಷ ಬರೀ 16. ಅದೇ ಕೈ, ಅಲ್ವಾ?

ಬದಲಾಗಿದ್ದು ಆಟದ ಹೂಟ. ಜೋ ಬ್ರೇಡಿ ಅನ್ನೋ ಯುವ ಕೋಚ್ ಬಂದರು. ಪಾಸ್ ಹಿಡಿಯೋಕೆ ಐದು ಜನ ಮೈದಾನದ ಅಗಲಕ್ಕೂ ಹರಡಿಕೊಂಡು ಓಡೋದು ಜಾಸ್ತಿಯಾಯಿತು. ಸಾಮಾನ್ಯವಾಗಿ ಚೆಂಡು ಹಿಡಿದು ಓಡೋ ರನ್ನಿಂಗ್ ಬ್ಯಾಕ್ ಕೂಡ ಪಾಸ್ ಹಿಡಿಯಲು ಹೊರಟರೆ ಎದುರಾಳಿ ಯಾರನ್ನು ಅಂತ ಕಾಯಬೇಕು? ಪಾಸ್ ಹಿಡಿಯೋ ಜಮಾರ್ ಚೇಸ್ ಮೇಲೆ ಇಬ್ಬರನ್ನು ಕಾವಲಿಗೆ ಬಿಟ್ಟರೆ, ಅದೇ ಕೆಲಸದ ಜಸ್ಟಿನ್ ಜೆಫರ್ಸನ್‌ಗೆ ಜಾಗ ಸಿಗುತ್ತದೆ. ಒಕ್ಲಹೋಮ ವಿರುದ್ಧ ಸೆಮಿಫೈನಲ್‌ನ ಮೊದಲರ್ಧದಲ್ಲೇ ಬರ್ರೋ 7 ಟಚ್‌ಡೌನ್ ಪಾಸ್ ಎಸೆದರು. ಅದರಲ್ಲಿ 4 ಜೆಫರ್ಸನ್‌ಗೇ!

ಆದರೆ ಎಲ್ಲರೂ ಓಡಿಹೋದರೆ ಎಸೆಯುವವನನ್ನು ಕಾಯಲು ಉಳಿಯೋದು ಮುಂದಿನ ಸಾಲಿನ ಐವರೇ. ಒಮ್ಮೆ ಚೆಂಡು ಬಿಟ್ಟು ಅವರ ಕಾಲು ನೋಡಿ. ಮಂಡಿ ಬಗ್ಗಿಸಿ, ಕೈ ಎದೆಮಟ್ಟಕ್ಕೆ ತಂದು, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ಹಿಂದೆ ಸರಿಯುತ್ತಾರೆ. ಅವರು ದಕ್ಕಿಸಿಕೊಡೋ ಮೂರು ಸೆಕೆಂಡಲ್ಲೇ ಎಲ್ಲಾ ಆಗಬೇಕು. ದೇಶದ ಅತ್ಯುತ್ತಮ ಆಫೆನ್ಸಿವ್ ಲೈನ್‌ಗೆ (ಇಂಥ ಐವರ ಸಾಲಿಗೆ) ಕೊಡುವ ಜೋ ಮೂರ್ ಪ್ರಶಸ್ತಿ ಆ ವರ್ಷ ಇವರದ್ದೇ. ಆ ಸಾಲಿನ ನಡುವೆ ನಿಲ್ಲೋ ಸೆಂಟರ್ ಆಗಿದ್ದ ಲಾಯ್ಡ್ ಕುಶನ್‌ಬೆರಿ ಹೆಸರು ಎಷ್ಟು ಜನಕ್ಕೆ ಗೊತ್ತು ಹೇಳಿ?